ಹೈದರ್ ಅಲಿ

ಹೈದರ್ ಅಲಿ (ಸುಮಾರು 1720 – ಡಿಸೆಂಬರ್ 7, 1782) ಹದಿನೆಂಟನೆಯ ಶತಮಾನದಲ್ಲಿ ಮೈಸೂರು ರಾಜ್ಯದ ಸರ್ವಾಧಿಕಾರಿಯಾಗಿದ್ದ ಸೇನಾನಿ ಮತ್ತು ಆಡಳಿತಗಾರ. ಇಂದಿನ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಜನಿಸಿದ ಈತನು ಸಾಮಾನ್ಯ ಸೈನಿಕನಾಗಿ ಸೇವೆಗೆ ಸೇರಿ, 1761ರ ವೇಳೆಗೆ ರಾಜ್ಯದ ಸಂಪೂರ್ಣ ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಂಡನು. ಓದುಬರಹ ಕಲಿಯದಿದ್ದರೂ ತನ್ನ ಕಾಲದ ಆಯುಧಗಳ ಗುಣದೋಷಗಳನ್ನು ಚೆನ್ನಾಗಿ ಅರಿತಿದ್ದನು. ಬಂದೂಕು, ಫಿರಂಗಿ, ಬಾಣ, ಕುದುರೆ, ಎತ್ತು ಇವೆಲ್ಲವನ್ನೂ ಒಂದೇ ಸೈನ್ಯದ ಅಂಗಗಳಾಗಿ ಹೊಂದಿಸಿದ್ದು ಅವನ ಮುಖ್ಯ ಸಾಧನೆಯೆಂದು ಇತಿಹಾಸಕಾರರು ಗುರುತಿಸುತ್ತಾರೆ. ಟಿಪ್ಪು ಸುಲ್ತಾನನು ಈತನ ಮಗ ಮತ್ತು ಉತ್ತರಾಧಿಕಾರಿ.

ಜನನ ಮತ್ತು ಮನೆತನ

ಹೈದರನ ಜನ್ಮಸ್ಥಳವಾದ ಬೂದಿಕೋಟೆಯು ಈಗ ಬಂಗಾರಪೇಟೆ ತಾಲ್ಲೂಕಿಗೆ ಸೇರಿದ ಗ್ರಾಮ. ಜನ್ಮವರ್ಷದ ಬಗ್ಗೆ ಭಿನ್ನಾಭಿಪ್ರಾಯಗಳಿದ್ದು, ಸಾಮಾನ್ಯವಾಗಿ 1720ರಿಂದ 1722ರ ನಡುವಿನ ಕಾಲವನ್ನು ಸೂಚಿಸಲಾಗುತ್ತದೆ. ತಂದೆ ಫತೇ ಮಹಮ್ಮದನು ಕೋಲಾರ ಸೀಮೆಯೊಂದಿಗೆ ನಿಕಟ ಸಂಬಂಧವಿದ್ದ ಸೇನಾಧಿಕಾರಿ. ಆತನು ಕರ್ನಾಟಿಕ್ ನವಾಬನ ಸೈನ್ಯದಲ್ಲಿ ಬಿದಿರಿನ ಬಾಣಗಳನ್ನು ಹಾರಿಸುವ ಒಂದು ಸಣ್ಣ ತುಕಡಿಗೆ ನಾಯಕನಾಗಿದ್ದನೆಂದು ತಿಳಿದುಬರುತ್ತದೆ. ಮುಂದೆ ಮೈಸೂರಿನ ಸೈನ್ಯದಲ್ಲಿ ಪ್ರಸಿದ್ಧವಾದ ಬಾಣಗಳ ಪರಿಚಯ ಹೈದರನಿಗೆ ಹೀಗೆ ಮನೆತನದ ಮೂಲಕವೇ ದೊರೆತಿತ್ತು.

ಹೈದರನು ಇನ್ನೂ ಚಿಕ್ಕವನಾಗಿದ್ದಾಗಲೇ ತಂದೆಯು ಸಿರಾ ನವಾಬರ ಉತ್ತರಾಧಿಕಾರದ ಜಗಳದಲ್ಲಿ ಕಾದಾಡುತ್ತಾ ಮಡಿದನು. ಕುಟುಂಬವು ಆಸ್ತಿಪಾಸ್ತಿಗಳನ್ನು ಕಳೆದುಕೊಂಡು ಬಹಳ ಕಷ್ಟಕ್ಕೆ ಸಿಲುಕಿತು. ಬಂಧುಗಳ ಆಶ್ರಯದಲ್ಲಿ ಬೆಳೆದ ಹೈದರನೂ ಅವನ ಅಣ್ಣ ಶಹಬಾಜನೂ ಕ್ರಮೇಣ ಮೈಸೂರಿನ ಸೇವೆಗೆ ಸೇರಿದರು. ಶಾಲಾಶಿಕ್ಷಣವಿಲ್ಲದ ಹೈದರನಿಗೆ ಅಸಾಧಾರಣವಾದ ಜ್ಞಾಪಕಶಕ್ತಿ ಇತ್ತು. ಕನ್ನಡ, ತೆಲುಗು, ಮರಾಠಿ, ತಮಿಳು ಮತ್ತು ದಖನಿ ಭಾಷೆಗಳಲ್ಲಿ ಅವನು ಮಾತನಾಡಬಲ್ಲವನಾಗಿದ್ದನು.

ಮೈಸೂರಿನ ಸೇವೆಯಲ್ಲಿ

1749ರಲ್ಲಿ ನಡೆದ ದೇವನಹಳ್ಳಿ ಕೋಟೆಯ ಮುತ್ತಿಗೆಯಲ್ಲಿ ಹೈದರನ ಧೈರ್ಯವು ಸರ್ವಾಧಿಕಾರಿ ನಂಜರಾಜಯ್ಯನ ಗಮನ ಸೆಳೆಯಿತು. ಅದರ ಫಲವಾಗಿ 50 ಕುದುರೆ ಸವಾರರು ಮತ್ತು 200 ಕಾಲಾಳುಗಳ ನಾಯಕತ್ವ ಅವನಿಗೆ ದೊರೆಯಿತು. ಮರುವರ್ಷ ನಿಜಾಮ ನಾಸಿರ್ ಜಂಗನು ಕೊಲೆಯಾದಾಗ ಅವನ ಪಾಳೆಯದಲ್ಲಿ ಉಂಟಾದ ಗೊಂದಲದ ನಡುವೆ ಹೈದರನ ಜನರು ಒಂದಷ್ಟು ಚಿನ್ನದ ನಾಣ್ಯಗಳನ್ನೂ ಕುದುರೆಗಳನ್ನೂ ಬಂದೂಕುಗಳನ್ನೂ ವಶಪಡಿಸಿಕೊಂಡರು. ಈ ಸಂಪತ್ತಿನಿಂದ ಅವನು ತನ್ನ ತುಕಡಿಯನ್ನು ಹೆಚ್ಚಿಸಿಕೊಂಡನು. ಫ್ರೆಂಚರ ಸೈನ್ಯವನ್ನು ಬಿಟ್ಟು ಬಂದ ಕೆಲವರನ್ನು ಸೇರಿಸಿಕೊಂಡು ತನ್ನವರಿಗೆ ಕವಾಯತು ಕಲಿಸಿದನು.

1750ರ ದಶಕದಲ್ಲಿ ನಂಜರಾಜಯ್ಯನು ತಿರುಚಿರಾಪಳ್ಳಿಯನ್ನು ಪಡೆಯುವ ಆಸೆಯಿಂದ ಅಪಾರ ಹಣವನ್ನು ಖರ್ಚುಮಾಡಿ ಬರಿಗೈಯಲ್ಲಿ ಹಿಂದಿರುಗಬೇಕಾಯಿತು. ರಾಜ್ಯದ ಬೊಕ್ಕಸ ಬರಿದಾಯಿತು; ಆದರೆ ಹೈದರನಿಗೆ ಆ ದಂಡಯಾತ್ರೆ ಒಂದು ಪಾಠಶಾಲೆಯಾಯಿತು. ಇಂಗ್ಲಿಷರೂ ಫ್ರೆಂಚರೂ ಅಲ್ಪಸಂಖ್ಯೆಯ ಸೈನಿಕರಿಂದಲೇ ದೊಡ್ಡ ಸೈನ್ಯಗಳನ್ನು ಹಿಮ್ಮೆಟ್ಟಿಸುವುದನ್ನು ಅವನು ಹತ್ತಿರದಿಂದ ಕಂಡನು. ಸಾಲುಗಟ್ಟಿ ನಿಂತು ಒಮ್ಮೆಗೇ ಗುಂಡು ಹಾರಿಸುವ ಶಿಸ್ತು, ಬೇಗ ಸ್ಥಳ ಬದಲಿಸಬಲ್ಲ ಹಗುರ ಫಿರಂಗಿಗಳು ಹಾಗೂ ತಪ್ಪದೆ ಸಿಗುವ ಸಂಬಳ ಅವರ ಬಲದ ಮೂಲವೆಂಬುದನ್ನು ಮನಗಂಡನು.

ದಿಂಡಿಗಲ್ಲಿನ ಆಯುಧಶಾಲೆ

1755ರಲ್ಲಿ ಹೈದರನು ದಿಂಡಿಗಲ್ಲಿನ ಫೌಜುದಾರನಾಗಿ ನೇಮಕಗೊಂಡನು. ಪಾಳೆಯಗಾರರನ್ನು ಅಡಗಿಸುವುದು ಅವನಿಗೆ ವಹಿಸಿದ್ದ ಕೆಲಸ. ಅಲ್ಲಿ ಅವನು ತಿರುಚಿರಾಪಳ್ಳಿ, ಶ್ರೀರಂಗಂ ಮತ್ತು ಪಾಂಡಿಚೇರಿಗಳಿಂದ ಕುಶಲ ಕೆಲಸಗಾರರನ್ನು ಕರೆಸಿ, ಫ್ರೆಂಚರ ಮೇಲ್ವಿಚಾರಣೆಯಲ್ಲಿ ಆಯುಧಶಾಲೆಯನ್ನೂ ಮದ್ದಿನ ಕಾರ್ಖಾನೆಯನ್ನೂ ಸ್ಥಾಪಿಸಿದನು. ಆಯುಧಗಳನ್ನು ಕೊಳ್ಳುವುದರ ಜೊತೆಗೆ ಅವುಗಳನ್ನು ತಯಾರಿಸುವ, ದುರಸ್ತಿ ಮಾಡುವ ಹಾಗೂ ಸುಧಾರಿಸುವ ವ್ಯವಸ್ಥೆಯು ಸೈನ್ಯದ ಕೈಯಲ್ಲೇ ಇರಬೇಕೆಂಬ ಅವನ ಧೋರಣೆ ಇಲ್ಲಿಂದ ಆರಂಭವಾಯಿತು. ಲೆಕ್ಕಪತ್ರದ ಹೊಣೆಯನ್ನು ಖಂಡೇರಾಯನೆಂಬ ಬ್ರಾಹ್ಮಣನು ನಿರ್ವಹಿಸಿದನು. ಬರವಣಿಗೆ ಬಾರದ ಹೈದರನೂ ಲೆಕ್ಕದಲ್ಲಿ ನಿಪುಣನಾದ ಖಂಡೇರಾಯನೂ ಸೇರಿ ರೂಪಿಸಿದ ಪದ್ಧತಿಯಲ್ಲಿ ಸೈನ್ಯದ ಪ್ರತಿಯೊಂದು ವೆಚ್ಚಕ್ಕೂ ಲೆಕ್ಕವಿತ್ತು.

ಅಧಿಕಾರ ಗ್ರಹಣ

1758ರಲ್ಲಿ ಮರಾಠರ ದಾಳಿಯನ್ನು ಎದುರಿಸಿದ ಹೈದರನ ಪ್ರಭಾವ ಶೀಘ್ರವಾಗಿ ಬೆಳೆಯಿತು. ಬೆಂಗಳೂರು ಅವನ ಜಾಗೀರಾಯಿತು. ಸಂಬಳ ಸಿಗದೆ ದಂಗೆಯೆದ್ದ ಸೈನಿಕರನ್ನು ಸಮಾಧಾನಗೊಳಿಸುವ ಹೊಣೆಯೂ ಅವನಿಗೇ ಬಂದಿತು. ನಂಜರಾಜಯ್ಯನು ಅಧಿಕಾರದಿಂದ ಸರಿದನು. 1760ರಲ್ಲಿ ಖಂಡೇರಾಯನು ಅರಮನೆಯ ಪಕ್ಷವನ್ನು ಸೇರಿ ಮರಾಠರ ನೆರವಿನಿಂದ ಹೈದರನನ್ನು ಶ್ರೀರಂಗಪಟ್ಟಣದಿಂದ ಓಡಿಸಿದನು. ಹೈದರನು ಬೆಂಗಳೂರಿಗೆ ತಪ್ಪಿಸಿಕೊಂಡು ಹೋಗಿ, ಸೈನ್ಯವನ್ನು ಮತ್ತೆ ಕೂಡಿಸಿಕೊಂಡು, 1761ರಲ್ಲಿ ರಾಜಧಾನಿಯನ್ನು ವಶಪಡಿಸಿಕೊಂಡನು. ಖಂಡೇರಾಯನನ್ನು ಸೆರೆಹಿಡಿದು ಬೆಂಗಳೂರಿನಲ್ಲಿ ಕಬ್ಬಿಣದ ಪಂಜರದಲ್ಲಿ ಇರಿಸಿದ್ದು ಹೈದರನ ಸ್ವಭಾವದ ಕಠೋರ ಮುಖವನ್ನು ತೋರಿಸುತ್ತದೆ. ಒಡೆಯರ ಮನೆತನದ ಅರಸರು ಹೆಸರಿಗೆ ಸಿಂಹಾಸನದಲ್ಲಿ ಮುಂದುವರಿದರು.

1763ರಲ್ಲಿ ಬಿದನೂರು ಅವನ ವಶವಾಯಿತು. ಅದಕ್ಕೆ ಹೈದರ್‌ನಗರವೆಂದು ಹೆಸರಿಟ್ಟು ಅಲ್ಲಿ ಟಂಕಸಾಲೆಯನ್ನೂ ಆಯುಧಶಾಲೆಯನ್ನೂ ತೆರೆದನು. ಅವನ ಚಿನ್ನದ ನಾಣ್ಯಗಳ ಒಂದು ಬದಿಯಲ್ಲಿ ಹಿಂದಿನ ಇಕ್ಕೇರಿ ನಾಣ್ಯಗಳ ಶಿವಪಾರ್ವತಿಯರ ಚಿತ್ರವನ್ನೇ ಉಳಿಸಿಕೊಳ್ಳಲಾಯಿತು. ಕರಾವಳಿಯ ಬಂದರುಗಳು ದೊರೆತ ಮೇಲೆ ನೌಕಾಪಡೆಯನ್ನೂ ಕಟ್ಟಲು ಆರಂಭಿಸಿದನು. 1766ರ ಮಲಬಾರ್ ದಂಡಯಾತ್ರೆ ಮತ್ತು ಅಲ್ಲಿ ಎದ್ದ ದಂಗೆಗಳನ್ನು ಅಡಗಿಸಿದ ರೀತಿ ಬಹಳ ಕ್ರೂರವಾಗಿತ್ತು.

ಸೈನ್ಯದ ರಚನೆ

ಹೈದರನ ಸೈನ್ಯದಲ್ಲಿ ಕವಾಯತು ಕಲಿತ ಬಂದೂಕಿನ ಕಾಲಾಳುಗಳು, ಕುದುರೆ ಸವಾರರು, ಫಿರಂಗಿದಳ, ಬಾಣದಳ ಹಾಗೂ ಬೇಡರೇ ಮೊದಲಾದ ಸ್ಥಳೀಯ ಕಾಲಾಳುಗಳು ಇದ್ದರು. ಸವಾರರಲ್ಲಿ ಎರಡು ಬಗೆ. ರಾಜ್ಯದ ಲಾಯದ ಕುದುರೆಗಳನ್ನು ಏರುವವರು ಒಂದು ಬಗೆಯಾದರೆ, ಸ್ವಂತ ಕುದುರೆಗಳೊಂದಿಗೆ ಸೇವೆಗೆ ಬರುವ ಸಿಲೇದಾರರು ಇನ್ನೊಂದು ಬಗೆ. ಹಗುರವಾದ ಈ ಕುದುರೆಪಡೆಯು ಶತ್ರುವಿನ ಮೇವು, ಧಾನ್ಯ ಮತ್ತು ಸುದ್ದಿಗಳನ್ನು ತಡೆಯುವುದರಲ್ಲಿ ಎತ್ತಿದ ಕೈಯಾಗಿತ್ತು.

ಫಿರಂಗಿಗಳ ಶಕ್ತಿಯು ಅವುಗಳನ್ನು ಎಳೆಯುವ ಎತ್ತುಗಳನ್ನೂ ಅವಲಂಬಿಸಿತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆಂಬ ಹೆಸರಿನಲ್ಲಿ ಆರಂಭವಾಗಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂದು ಪ್ರಸಿದ್ಧವಾದ ರಾಸುಗಳ ತಳಿಯನ್ನು ಹೈದರನು ಸೈನ್ಯದ ಸಾಗಣೆಗೆ ವ್ಯಾಪಕವಾಗಿ ಬಳಸಿದನು. 1781ರಲ್ಲಿ ಚಿದಂಬರಂ ರಕ್ಷಣೆಗಾಗಿ ಅವನ ಸೈನ್ಯವು ಎರಡೂವರೆ ದಿನಗಳಲ್ಲಿ 100 ಮೈಲಿಗಳಷ್ಟು ದೂರ ನಡೆಯಲು ಈ ಎತ್ತುಗಳೇ ಕಾರಣವೆಂದು ಗೆಜೆಟಿಯರುಗಳು ದಾಖಲಿಸಿವೆ. ಅವನ ಎದುರಾಳಿಗಳಾದ ಇಂಗ್ಲಿಷ್ ಸೇನಾಪತಿಗಳಿಗೆ ಒಳ್ಳೆಯ ಎತ್ತುಗಳ ಕೊರತೆ ಕೊನೆಯವರೆಗೂ ಕಾಡಿತು.

ಬಾಣಗಳು

ಆ ಕಾಲದಲ್ಲಿ ಬಾಣವೆಂದರೆ ಬಿಲ್ಲಿನಿಂದ ಬಿಡುವ ಅಂಬು ಮಾತ್ರವಲ್ಲ, ಮದ್ದು ತುಂಬಿ ಹಾರಿಸುವ ರಾಕೆಟ್ ಕೂಡ ಹೌದು. ಭಾರತದ ಸೈನ್ಯಗಳಲ್ಲಿ ಇದರ ಬಳಕೆ ಹಳೆಯದು. ಆದರೆ ಬಿದಿರಿನ ಅಥವಾ ಕಾಗದದ ಕೊಳವೆಯಲ್ಲಿ ಹೆಚ್ಚು ಒತ್ತಡವನ್ನು ತಡೆಯುವ ಶಕ್ತಿ ಇರಲಿಲ್ಲ. ಆದ್ದರಿಂದ ಅದನ್ನು ಬಹುಮಟ್ಟಿಗೆ ಸಂಜ್ಞೆ ಕೊಡಲು ಅಥವಾ ಕುದುರೆಗಳನ್ನು ಬೆದರಿಸಲು ಬಳಸುತ್ತಿದ್ದರು. ಮೈಸೂರಿನ ಬಾಣಗಳಲ್ಲಿ ಬಡಿದು ಹದಮಾಡಿದ ಮೆದುಕಬ್ಬಿಣದ ಕೊಳವೆಯನ್ನು ಉಪಯೋಗಿಸಲಾಯಿತು. ಕೊಳವೆ ಗಟ್ಟಿಯಾದುದರಿಂದ ಮದ್ದನ್ನು ಬಿಗಿಯಾಗಿ ತುಂಬಬಹುದಾಗಿತ್ತು. ಮದ್ದು ಉರಿಯುವಾಗ ಒಳಗಿನ ಒತ್ತಡ ಹೆಚ್ಚಿ ಬಾಣವು ದೂರಕ್ಕೆ ಹಾರುತ್ತಿತ್ತು. ಉದ್ದನೆಯ ಬಿದಿರು ಗಳುವನ್ನೋ ಕತ್ತಿಯ ಅಲಗನ್ನೋ ಚರ್ಮದ ಪಟ್ಟಿಗಳಿಂದ ಕೊಳವೆಗೆ ಕಟ್ಟಿ ಅದರ ಹಾರಾಟಕ್ಕೆ ಸ್ಥಿರತೆ ಕೊಡುತ್ತಿದ್ದರು.

ಬ್ರಿಟನ್ನಿನ ವೂಲಿಚ್ ಸಂಗ್ರಹಾಲಯಕ್ಕೆ ಸೇರಿದ ಎರಡು ಮಾದರಿಗಳ ಅಳತೆಗಳನ್ನು ವಿಜ್ಞಾನಿ ರೊದ್ದಂ ನರಸಿಂಹ ಅವರು ತಮ್ಮ ಅಧ್ಯಯನದಲ್ಲಿ ನೀಡಿದ್ದಾರೆ. ಒಂದರ ಕೊಳವೆ 58 ಮಿಲಿಮೀಟರ್ ವ್ಯಾಸ ಮತ್ತು 254 ಮಿಲಿಮೀಟರ್ ಉದ್ದವಿದ್ದು, ಸುಮಾರು ಒಂದು ಮೀಟರ್ ಉದ್ದದ ಕತ್ತಿಯ ಅಲಗಿಗೆ ಕಟ್ಟಲ್ಪಟ್ಟಿದೆ. ಇನ್ನೊಂದರ ಕೊಳವೆ 37 ಮಿಲಿಮೀಟರ್ ವ್ಯಾಸ ಮತ್ತು 198 ಮಿಲಿಮೀಟರ್ ಉದ್ದವಿದ್ದು, ಸುಮಾರು 1.9 ಮೀಟರ್ ಉದ್ದದ ಬಿದಿರಿಗೆ ಕಟ್ಟಲ್ಪಟ್ಟಿದೆ. ಬಾಣಗಳಲ್ಲಿ ಒಂದಕ್ಕಿಂತ ಹೆಚ್ಚು ಬಗೆಗಳಿದ್ದುವೆಂಬುದಕ್ಕೆ ಇವು ಸಾಕ್ಷಿ.

ಹೈದರನ ಬಾಣದಳದಲ್ಲಿ ಸುಮಾರು 1,200 ಜನರಿದ್ದರೆಂದು ಹೇಳಲಾಗುತ್ತದೆ. ಗುರಿ ನಿಖರವಾಗಿಲ್ಲದಿರುವುದು ಈ ಆಯುಧದ ದೊಡ್ಡ ಕೊರತೆಯಾಗಿತ್ತು. ಒಂದೊಂದಾಗಿ ಹಾರಿಸಿದರೆ ಹೆಚ್ಚಿನ ಪ್ರಯೋಜನವಿರಲಿಲ್ಲ. ಗುಂಪಾಗಿ ನಿಂತ ಸೈನ್ಯದ ಮೇಲೆ, ಕುದುರೆಗಳ ಮೇಲೆ ಅಥವಾ ಮದ್ದಿನ ಬಂಡಿಗಳ ಮೇಲೆ ಒಟ್ಟಾಗಿ ಹಾರಿಸಿದಾಗ ಮಾತ್ರ ಅದರ ಪರಿಣಾಮ ಭೀಕರವಾಗಿರುತ್ತಿತ್ತು.

ಕೋಲಾರ ಸೀಮೆಯಲ್ಲಿ ಯುದ್ಧ

ಮೊದಲನೆಯ ಆಂಗ್ಲೋ–ಮೈಸೂರು ಯುದ್ಧವು 1767ರಲ್ಲಿ ಆರಂಭವಾಯಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಚೆಂಗಮ ಮತ್ತು ತಿರುವಣ್ಣಾಮಲೈಗಳಲ್ಲಿ ಕರ್ನಲ್ ಜೋಸೆಫ್ ಸ್ಮಿತ್ತನ ಸೈನ್ಯವು ಹೈದರ್ ಮತ್ತು ನಿಜಾಮರ ಕೂಡುಸೈನ್ಯವನ್ನು ಸೋಲಿಸಿತು. ನಿಜಾಮನು ಹೈದರನನ್ನು ಕೈಬಿಟ್ಟನು. 1768ರ ಮಧ್ಯಭಾಗದ ಹೊತ್ತಿಗೆ ಇಂಗ್ಲಿಷರು ಘಟ್ಟವನ್ನೇರಿ ಮುಳಬಾಗಿಲು ಮತ್ತು ಕೋಲಾರಗಳನ್ನು ಹಿಡಿದರು. ನವಾಬ ಮಹಮ್ಮದ್ ಅಲಿಯೂ ಮದರಾಸಿನ ಕಂಪನಿ ಸರ್ಕಾರದ ಪ್ರತಿನಿಧಿಗಳೂ ಕೋಲಾರದಲ್ಲಿ ಬಿಡಾರ ಹೂಡಿದರು. ಹೈದರನ ತವರು ಸೀಮೆಯೇ ಶತ್ರುಗಳ ನೆಲೆಯಾಯಿತು.

ಬಾರಾಮಹಲಿನ ಕಡೆಯಿಂದ ಸ್ಮಿತ್ತನನ್ನು ಕೂಡಿಕೊಳ್ಳಲು ಬರುತ್ತಿದ್ದ ಕರ್ನಲ್ ವುಡ್ಡನನ್ನು ಬೂದಿಕೋಟೆಯ ಬಳಿ ತಡೆಯಲು ಹೈದರನು ಹೊಂಚುಹಾಕಿದನು. ಸ್ಮಿತ್ತನು ಹೈದರನನ್ನೇ ಸಿಕ್ಕಿಸಿಕೊಳ್ಳುವ ಯೋಜನೆ ಮಾಡಿದನು. ಆದರೆ ವುಡ್ಡನು ಸ್ಮಿತ್ತನ ಗೌರವಾರ್ಥವಾಗಿ ಫಿರಂಗಿಗಳನ್ನು ಹಾರಿಸಿದ್ದರಿಂದ ಹೈದರನು ಎಚ್ಚೆತ್ತು ಹಿಂದೆ ಸರಿದನು. ಹುಟ್ಟಿದ ಊರಿನ ಬಳಿಯಲ್ಲಿಯೇ ಅವನು ಒಂದು ದೊಡ್ಡ ಅಪಾಯದಿಂದ ಪಾರಾದನು.

ಮುಳಬಾಗಿಲಿನ ಕೋಟೆಯನ್ನು ಹೈದರನ ಕಡೆಯವರು ಮತ್ತೆ ವಶಪಡಿಸಿಕೊಂಡ ಬಳಿಕ, ಅದನ್ನು ಮರಳಿ ಪಡೆಯಲು ವುಡ್ಡನು ಹೋದನು. 1768ರ ಅಕ್ಟೋಬರ್ 4ರಂದು ಅಲ್ಲಿ ಘೋರ ಕದನ ನಡೆಯಿತು. ಬೆಟ್ಟದ ಸುತ್ತಲಿನ ನೆಲವು ದೊಡ್ಡ ಬಂಡೆಗಳಿಂದ ತುಂಬಿದ್ದರಿಂದ ಕುದುರೆಪಡೆಗೂ ಸಾಲುಗಟ್ಟಿದ ಕಾಲಾಳುಗಳಿಗೂ ಸಲೀಸಾಗಿ ಚಲಿಸಲು ಸಾಧ್ಯವಿರಲಿಲ್ಲ. ಸಂಖ್ಯೆಯಲ್ಲಿ ಬಹಳ ಹೆಚ್ಚಾಗಿದ್ದ ಹೈದರನ ಸೈನ್ಯವು ವುಡ್ಡನನ್ನು ಒತ್ತಿಹಿಡಿಯಿತು. ಆಗ ಸಾಮಾನುಸರಂಜಾಮುಗಳ ಕಾವಲಿಗಿದ್ದ ಕ್ಯಾಪ್ಟನ್ ಬ್ರೂಕನು ಎರಡು ಫಿರಂಗಿಗಳನ್ನು ಮರೆಯ ದಾರಿಯಿಂದ ಎತ್ತರದ ಬಂಡೆಯ ಮೇಲಕ್ಕೆ ಸಾಗಿಸಿ, ಅಲ್ಲಿಂದ ಗುಂಡು ಹಾರಿಸುತ್ತಾ, ಸ್ಮಿತ್ತನ ಹೆಸರನ್ನು ಗಟ್ಟಿಯಾಗಿ ಕೂಗುವಂತೆ ತನ್ನವರಿಗೆ ಹೇಳಿದನು. ಸ್ಮಿತ್ತನ ಸೈನ್ಯವೇ ಬಂದಿತೆಂದು ಭಾವಿಸಿ ಹೈದರನ ಪಡೆ ಹಿಂಜರಿಯಿತು. ಆ ಬಿಡುವಿನಲ್ಲಿ ವುಡ್ಡನು ಸೈನ್ಯವನ್ನು ಸರಿಪಡಿಸಿಕೊಂಡು ಸಂಪೂರ್ಣ ಸೋಲಿನಿಂದ ಪಾರಾದನು. ಆದರೂ ಮುಳಬಾಗಿಲಿನ ಕೋಟೆ ಹೈದರನ ಕೈಯಲ್ಲೇ ಉಳಿಯಿತು. ಮುಂದೆ ಬಾಗಲೂರಿನಲ್ಲಿ ವುಡ್ಡನು ಬಿಟ್ಟುಹೋದ ಭಾರಿ ಫಿರಂಗಿಗಳನ್ನೂ ಸಾಮಗ್ರಿಗಳನ್ನೂ ಹೈದರನು ವಶಪಡಿಸಿಕೊಂಡು ಬೆಂಗಳೂರಿಗೆ ಸಾಗಿಸಿದನು.

ಈ ನಡುವೆ ಹೈದರನು ಬಾರಾಮಹಲನ್ನೂ ಹತ್ತು ಲಕ್ಷ ರೂಪಾಯಿಗಳನ್ನೂ ಕೊಟ್ಟು ಸಂಧಿ ಮಾಡಿಕೊಳ್ಳಲು ಸಿದ್ಧನಾಗಿದ್ದನು. ಇಂಗ್ಲಿಷರು ಅದಕ್ಕಿಂತ ಹೆಚ್ಚಿನದನ್ನು ಕೇಳಿದ್ದರಿಂದ ಮಾತುಕತೆ ಮುರಿಯಿತು. 1769ರ ಮಾರ್ಚಿನಲ್ಲಿ ಅವನು ಭಾರವಾದ ಫಿರಂಗಿಗಳನ್ನೂ ಸಾಮಾನುಗಳನ್ನೂ ಹಿಂದೆ ಬಿಟ್ಟು, ಸುಮಾರು 6,000 ಸವಾರರು ಮತ್ತು ಕೆಲವೇ ಕಾಲಾಳುಗಳೊಂದಿಗೆ ಮೂರೂವರೆ ದಿನಗಳಲ್ಲಿ 130 ಮೈಲಿಗಳನ್ನು ಕ್ರಮಿಸಿ ಮದರಾಸಿನ ಬಾಗಿಲಿಗೆ ಬಂದನು. ಕಂಪನಿ ಸರ್ಕಾರವು ಏಪ್ರಿಲ್ ತಿಂಗಳಲ್ಲಿ ಒಪ್ಪಂದಕ್ಕೆ ಸಹಿ ಹಾಕಿತು. ಗೆದ್ದ ಪ್ರದೇಶಗಳನ್ನು ಪರಸ್ಪರ ಹಿಂದಿರುಗಿಸುವುದು ಮತ್ತು ಬೇರೆಯವರು ದಾಳಿ ಮಾಡಿದಾಗ ಒಬ್ಬರಿಗೊಬ್ಬರು ನೆರವಾಗುವುದು ಅದರ ಮುಖ್ಯ ಷರತ್ತುಗಳು.

ಸೋಲುಗಳು ಮತ್ತು ಮಿತಿಗಳು

ಒಪ್ಪಂದದಂತೆ ಇಂಗ್ಲಿಷರು ನಡೆದುಕೊಳ್ಳಲಿಲ್ಲ. ಪೇಶ್ವೆ ಮಾಧವರಾಯನ ಕಾಲದ ಮರಾಠಾ ದಾಳಿಯಲ್ಲಿ ಅವರಿಂದ ನೆರವು ಬರಲಿಲ್ಲ. 1771ರ ಮಾರ್ಚಿನಲ್ಲಿ ಮೇಲುಕೋಟೆಯ ಸಮೀಪದ ಚಿನಕುರಳಿಯಲ್ಲಿ ಹೈದರನ ಸೈನ್ಯವು ಚದುರಿಹೋಯಿತು. ಕೋಲಾರವೂ ಸೇರಿದಂತೆ ಪೂರ್ವದ ಅನೇಕ ಸ್ಥಳಗಳು ಮರಾಠರ ಕೈಸೇರಿ, ಪೇಶ್ವೆಯ ಮರಣಾನಂತರ ಮರಳಿ ದೊರೆತವು.

ಅವನ ಯುದ್ಧವ್ಯವಸ್ಥೆಯ ಮಿತಿಗಳೂ ಈ ವರ್ಷಗಳಲ್ಲಿ ಕಾಣಿಸಿಕೊಂಡವು. ಚಿತ್ರದುರ್ಗದ ಬೆಟ್ಟದ ಕೋಟೆಯು ಮದಕರಿ ನಾಯಕನ ಕಾಲದಲ್ಲಿ ಹೈದರನ ಮುತ್ತಿಗೆಗಳನ್ನು ತಡೆದುನಿಂತಿತು. 1779ರಲ್ಲಿ ಅದು ಅವನ ವಶವಾದುದಕ್ಕೆ ಫಿರಂಗಿಗಳ ಬಲಕ್ಕಿಂತ ಕೋಟೆಯೊಳಗಿನ ಕೆಲವರ ದ್ರೋಹ ಕಾರಣವಾಯಿತು. ನೌಕಾಪಡೆಯಲ್ಲಿಯೂ ಅವನಿಗೆ ಯಶಸ್ಸು ದೊರೆಯಲಿಲ್ಲ. ಕುದುರೆಪಡೆಯ ಅಧಿಕಾರಿಯೊಬ್ಬನನ್ನು ಹಡಗುಗಳ ಮುಖ್ಯಸ್ಥನನ್ನಾಗಿ ನೇಮಿಸಿದ್ದರಿಂದ ಅಸಮಾಧಾನಗೊಂಡ ನಾವಿಕರು 1768ರಲ್ಲಿ ಇಂಗ್ಲಿಷರ ಪಕ್ಷ ಸೇರಿದರು. ಮತ್ತೆ ಕಟ್ಟಿದ ಹಡಗುಗಳನ್ನು 1780ರ ಡಿಸೆಂಬರಿನಲ್ಲಿ ಇಂಗ್ಲಿಷ್ ನೌಕಾಪಡೆಯು ಮಂಗಳೂರಿನಲ್ಲಿ ನಾಶಮಾಡಿತು. ನೆಲದ ಮೇಲೆ ಎಷ್ಟೇ ಗೆದ್ದರೂ ಸಮುದ್ರದ ಮೂಲಕ ಶತ್ರುವಿಗೆ ಬರುವ ನೆರವನ್ನು ತಡೆಯುವ ಸಾಧನ ಅವನ ಬಳಿ ಇರಲಿಲ್ಲ.

ಎರಡನೆಯ ಆಂಗ್ಲೋ–ಮೈಸೂರು ಯುದ್ಧ

1780ರ ಜುಲೈನಲ್ಲಿ ಹೈದರನು ಎಂಬತ್ತು ಸಾವಿರಕ್ಕೂ ಮೀರಿದ ಸೈನ್ಯದೊಂದಿಗೆ ಕರ್ನಾಟಿಕ್ ಪ್ರದೇಶವನ್ನು ಪ್ರವೇಶಿಸಿದನು. ಶತ್ರುವಿಗೆ ಧಾನ್ಯ ಸಿಗದಂತೆ ಮಾಡಲು ಹಳ್ಳಿಗಳನ್ನು ಸುಡಲಾಯಿತು. ಅಲ್ಲಿನ ರೈತರು ಹೇಳಲಾರದ ಕಷ್ಟಕ್ಕೆ ಗುರಿಯಾದರು. ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರದ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಸುಮಾರು 3,800 ಜನರ ಸೈನ್ಯವನ್ನು ಹೈದರ್ ಮತ್ತು ಟಿಪ್ಪು ಸುತ್ತುವರಿದರು. ಮೈಸೂರಿನ ಫಿರಂಗಿ ಮತ್ತು ಬಾಣಗಳ ದಾಳಿಯ ನಡುವೆ ಬೇಲಿಯ ಮದ್ದಿನ ಬಂಡಿಗಳು ಸಿಡಿದು ಅವನ ಪಡೆ ಶರಣಾಯಿತು. ಭಾರತದಲ್ಲಿ ಕಂಪನಿಯ ಸೈನ್ಯವು ಅದುವರೆಗೆ ಕಂಡ ಅತಿ ದೊಡ್ಡ ಸೋಲು ಇದಾಗಿತ್ತು.

1781ರಲ್ಲಿ ಸರ್ ಐರ್ ಕೂಟನು ಪೋರ್ಟೊ ನೋವೊ, ಪೊಳ್ಳಿಲೂರು ಮತ್ತು ಶೋಲಿಂಗೂರುಗಳಲ್ಲಿ ಹೈದರನನ್ನು ಎದುರಿಸಿ ಹಿಂದೆ ಸರಿಸಿದನು. ಆದರೆ ಎತ್ತುಗಳೂ ಧಾನ್ಯವೂ ಇಲ್ಲದ ಕಾರಣ ಗೆಲುವನ್ನು ಮುಂದುವರಿಸಲು ಅವನಿಂದ ಆಗಲಿಲ್ಲ. 1782ರ ಫೆಬ್ರವರಿಯಲ್ಲಿ ಟಿಪ್ಪುವು ತಂಜಾವೂರು ಸೀಮೆಯಲ್ಲಿ ಕರ್ನಲ್ ಬ್ರೇತ್‌ವೇಟನ ಪಡೆಯನ್ನು ಸೆರೆಹಿಡಿದನು.

ನಿಧನ

ಬೆನ್ನಿನ ಮೇಲೆ ಎದ್ದ ದೊಡ್ಡ ಹುಣ್ಣಿನಿಂದ ನರಳುತ್ತಿದ್ದ ಹೈದರನು 1782ರ ಡಿಸೆಂಬರ್ 7ರಂದು ಚಿತ್ತೂರಿನ ಸಮೀಪದ ನರಸಿಂಗರಾಯನಪೇಟೆಯ ಪಾಳೆಯದಲ್ಲಿ ತೀರಿಕೊಂಡನು. ಆಗ ಟಿಪ್ಪು ಮಲಬಾರಿನಲ್ಲಿದ್ದನು. ಸುದ್ದಿ ಹರಡಿದರೆ ಸೈನ್ಯ ಒಡೆಯಬಹುದೆಂದು ಪೂರ್ಣಯ್ಯ ಮತ್ತು ಕೃಷ್ಣರಾವ್ ಮರಣವನ್ನು ಗುಟ್ಟಾಗಿ ಇರಿಸಿದರು. ಖಜಾನೆಯ ಪೆಟ್ಟಿಗೆಯನ್ನು ಸಾಗಿಸುವಂತೆ ತೋರಿಸಿ, ದೇಹವನ್ನು ಕೋಲಾರಕ್ಕೆ ಕಳುಹಿಸಿ, ತಂದೆ ಫತೇ ಮಹಮ್ಮದನ ಸಮಾಧಿಯ ಬಳಿ ತಾತ್ಕಾಲಿಕವಾಗಿ ಇರಿಸಲಾಯಿತು. ತರುವಾಯ ಟಿಪ್ಪುವು ಅದನ್ನು ಶ್ರೀರಂಗಪಟ್ಟಣದ ಗುಂಬಜಿಗೆ ಸಾಗಿಸಿದನು. ಅಂದು ಸೈನ್ಯವನ್ನು ಒಂದಾಗಿ ಉಳಿಸಿದ ಪೂರ್ಣಯ್ಯನವರು ಮುಂದೆ ಮೈಸೂರಿನ ದಿವಾನರಾದರು. ಕೋಲಾರ ಜಿಲ್ಲೆಯ ಶ್ರೀನಿವಾಸಪುರಕ್ಕೆ ಆ ಹೆಸರು ಬಂದದ್ದು ಪೂರ್ಣಯ್ಯನವರ ಮಗನಿಂದ ಎಂದು ಹೇಳಲಾಗುತ್ತದೆ.

ಆಯುಧಗಳ ಕಾಲನಿರ್ಣಯ

ಹೈದರನ ಸೈನ್ಯವನ್ನು ಚಿತ್ರಿಸುವಾಗ ಟಿಪ್ಪುವಿನ ಕಾಲದ ಸಂಗತಿಗಳನ್ನು ಬೆರೆಸುವುದು ಸಾಮಾನ್ಯವಾಗಿದೆ. ಚಲನಚಿತ್ರಗಳಲ್ಲಿ ಮಾತ್ರವಲ್ಲದೆ, ನಕ್ಷೆ ಮತ್ತು ದಾಳಗಳ ಮೇಲೆ ಹಳೆಯ ಕದನಗಳನ್ನು ಮರುರೂಪಿಸುವ ಯುದ್ಧದ ಆಟಗಳಲ್ಲಿಯೂ ಈ ಬೆರಕೆ ಆಗುವ ಸಾಧ್ಯತೆ ಇದೆ. ಹುಲಿಪಟ್ಟೆಯ ಸಮವಸ್ತ್ರವು ಟಿಪ್ಪುವಿನ ಆಳ್ವಿಕೆಯ ಗುರುತು. ಅದನ್ನು 1768ರ ಮುಳಬಾಗಿಲಿನ ಕದನಕ್ಕೆ ಹೊಂದಿಸುವುದು ಸರಿಯಲ್ಲ. ಪ್ರತಿಯೊಂದು ದಳಕ್ಕೂ ಸುಮಾರು 200 ಜನ ಬಾಣಗಾರರನ್ನು ಸೇರಿಸಿ, ಅವರ ಒಟ್ಟು ಸಂಖ್ಯೆಯನ್ನು ಹಲವು ಸಾವಿರಕ್ಕೆ ಏರಿಸಿದವನು ಟಿಪ್ಪು. 1799ರಲ್ಲಿ ಶ್ರೀರಂಗಪಟ್ಟಣದ ಪತನಾನಂತರ ಇಂಗ್ಲೆಂಡಿಗೆ ಹೋದ ಬಾಣಗಳು ಆ ಕೊನೆಯ ಘಟ್ಟಕ್ಕೆ ಸೇರಿದವು. ಅವುಗಳ ಪ್ರೇರಣೆಯಿಂದ ವಿಲಿಯಂ ಕಾಂಗ್ರೀವನು 1804ರಿಂದ ಬ್ರಿಟಿಷ್ ಸೈನ್ಯಕ್ಕಾಗಿ ರಾಕೆಟ್ಟುಗಳನ್ನು ರೂಪಿಸಿದನು.

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪೊಳ್ಳಿಲೂರು ಭಿತ್ತಿಚಿತ್ರವನ್ನು ಪೂರ್ಣ ಪ್ರಮಾಣವಾಗಿ ಒಪ್ಪುವುದೂ ಕಷ್ಟ. ಅದು ಕದನದ ಕೆಲವು ವರ್ಷಗಳ ಅನಂತರ ಟಿಪ್ಪುವಿನ ಆಜ್ಞೆಯಂತೆ ರಚಿತವಾದದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಅದಕ್ಕೆ ಮತ್ತೆ ಬಣ್ಣ ಹಚ್ಚಲಾಗಿದೆ. ಆದ್ದರಿಂದ ಉಡುಪು ಮತ್ತು ಆಯುಧಗಳ ವಿವರಗಳನ್ನು ಬೇರೆ ಆಧಾರಗಳೊಂದಿಗೆ ಹೋಲಿಸಬೇಕಾಗುತ್ತದೆ. ಇಂತಹ ಹೋಲಿಕೆಗೆ ನೆಲದಲ್ಲಿ ದೊರೆತ ವಸ್ತುಗಳು ಹೆಚ್ಚು ಬೆಲೆಯುಳ್ಳವು. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಎಂದರೆ ಹಳೆಯ ಬಿದನೂರಿನಲ್ಲಿ, ಪಾಳುಬಿದ್ದ ಬಾವಿಯೊಂದರಿಂದ 2002ರಲ್ಲಿ ಕೆಲವು ಬಾಣಗಳು ಮತ್ತು 2018ರಲ್ಲಿ ಸಾವಿರಕ್ಕೂ ಹೆಚ್ಚು ಬಾಣಗಳು ದೊರೆತವು. ಕಬ್ಬಿಣದ ಈ ಕೊಳವೆಗಳು ಈಗ ಅಧ್ಯಯನಕ್ಕೆ ಲಭ್ಯವಾಗಿವೆ.

ಸ್ಮಾರಕಗಳು

ಬೂದಿಕೋಟೆಯಲ್ಲಿ ಹೈದರನ ಜನ್ಮಸ್ಥಳವನ್ನು ಗುರುತಿಸಲಾಗಿದೆ. ಕೋಲಾರ ನಗರದ ಮಕಬರಾದಲ್ಲಿ ಅವನ ತಂದೆಯ ಮತ್ತು ಕುಟುಂಬದವರ ಸಮಾಧಿಗಳಿವೆ. ಮುಳಬಾಗಿಲಿನಲ್ಲಿ 1768ರ ಕದನಕ್ಕೆ ಸಾಕ್ಷಿಯಾದ ಬೆಟ್ಟದ ಕೋಟೆಯನ್ನು ಇಂದಿಗೂ ಕಾಣಬಹುದು. ಶ್ರೀರಂಗಪಟ್ಟಣದ ಗುಂಬಜಿನಲ್ಲಿ ಹೈದರ್ ಅಲಿ, ಅವನ ಪತ್ನಿ ಫಾತಿಮಾ ಫಕ್ರುನ್ನೀಸಾ ಮತ್ತು ಟಿಪ್ಪು ಸುಲ್ತಾನರ ಸಮಾಧಿಗಳು ಒಂದೇ ಸಾಲಿನಲ್ಲಿವೆ.